ನಮ್ಮ ಆಫೀಸಿನವರು

ಮಳೆಯಲ್ಲಿ ನೆಂದ ಸೈಕಲ್ಲಿಗೆ ಒಂದು ವಾಸನೆ ಇರುತ್ತದೆ. ರಬ್ಬರು, ಎಣ್ಣೆ, ಕೆಸರು, ದಾರಿಯಲ್ಲಿ ಎಲ್ಲಿಯೋ ಗಾಲಿಗೆ ಅಂಟಿಕೊಂಡ ಕೊಳೆತ ಎಲೆ, ಇವೆಲ್ಲ ಕೂಡಿದ ವಾಸನೆ. ನಮ್ಮ ಮನೆಯಲ್ಲಿ ಮಳೆಗಾಲದ ಭಾನುವಾರಗಳಂದು ಅದು ಹೊರಬಾಗಿಲಲ್ಲಿ ಶುರುವಾಗಿ ಅಡುಗೆಮನೆಯವರೆಗೂ ನಡೆದು ಬರುತ್ತದೆ. ಇವತ್ತೂ ಬಂದಿದೆ. ನಾನು ಪೇಪರ್ ಹಿಡಿದು ಕೂತಿದ್ದೇನೆ. ಸೈಕಲ್ಲು ಗೋಡೆಗೆ ಒರಗಿ ನಿಂತು ತೊಟ್ಟಿಕ್ಕುತ್ತಿದೆ. ಬೆಳಗಿನ ಜಾವ ಅದನ್ನೇರಿ ಹೋಗಿದ್ದ ನನ್ನ ಹೆಂಡತಿ ಶಿವಲೀಲಾ ನೇರ ಬಚ್ಚಲಿಗೆ ಹೋಗಿದ್ದಾಳೆ. ಈ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ನನಗೆ ಪೇಪರನ್ನು ಇನ್ನಷ್ಟು ಮೇಲೆತ್ತಿ ಮುಖ ಮುಚ್ಚಿಕೊಳ್ಳಬೇಕೆನ್ನಿಸುತ್ತದೆ. ಕಾರಣ ಹೇಳುತ್ತೇನೆ. ಹೇಳಲಿಕ್ಕೆ ಅಂಥ ಉತ್ಸಾಹವೇನೂ ಇಲ್ಲ, ಆದ್ದರಿಂದ ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾವು ಮದುವೆಯಾಗಿ ಹೈದರಾಬಾದಿಗೆ ಬಂದಾಗ ಮಾದಾಪುರದಲ್ಲಿ ಬಂಡೆ ಒಡೆಯುವ ಸದ್ದು ಇನ್ನೂ ನಿಂತಿರಲಿಲ್ಲ. ದೀಪಾವಳಿಗೆ ಊರಿಗೆ ಹೋಗುವಾಗ ಕಂಡ ಬಂಡೆ ಯುಗಾದಿಗೆ ಇರುತ್ತಿರಲಿಲ್ಲ. ಅದರ ಜಾಗದಲ್ಲಿ ಗಾಜಿನ ಕಟ್ಟಡ ನಿಂತು, ಅದರೊಳಗೆ ನನ್ನಂಥವರು ತುಂಬಿಕೊಂಡಿರುತ್ತಿದ್ದರು. ನಾನು ರಾಯಚೂರು ಕಡೆಯವನು. ಸಾಫ್ಟ್‌ವೇರ್ ಎಂದರೆ ಊರಿನವರು ನಾನು ಏನನ್ನೋ ಕಟ್ಟುತ್ತೇನೆ ಎಂದುಕೊಂಡಿದ್ದರು. ನಿಜವೆಂದರೆ ಬೇರೆಯವರು ಕಟ್ಟಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಾಗಿತ್ತು. ಮನೆ ಮಾಡಿದ್ದು ದಿಲ್‌ಸುಖ್‌ನಗರದಲ್ಲಿ, ಏಕೆಂದರೆ ಶಿವಲೀಲಾ ಅಲ್ಲಿಯ ಕೋಚಿಂಗ್ ಸೆಂಟರೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ನಾನು ಊರಿನ ಈ ತುದಿಯಿಂದ ಆ ತುದಿಗೆ ಕಂಪನಿಯ ಕ್ಯಾಬಿನಲ್ಲಿ ನಿದ್ದೆ ಮಾಡುತ್ತ ಹೋಗಿ ನಿದ್ದೆ ಮಾಡುತ್ತ ಬರುತ್ತಿದ್ದೆ. ಅವಳು ಹಗಲೆಲ್ಲ ಬೋರ್ಡಿನ ಮುಂದೆ ನಿಂತಿರುತ್ತಿದ್ದಳು, ನಾನು ಹಗಲೆಲ್ಲ ಕೂತಿರುತ್ತಿದ್ದೆ. ಬೇರೆಯವರ ತಪ್ಪು ಹುಡುಕುತ್ತಿದ್ದ ನಾನು ಈ ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಲಿಲ್ಲ.

ಆ ವರ್ಷಗಳಲ್ಲಿ ನಮ್ಮ ಸಂಬಳವೂ ಹೊಟ್ಟೆಯೂ ಜೊತೆಜೊತೆಯಾಗಿ ಬೆಳೆದವು. ಹೊಟ್ಟೆಯ ಬಗ್ಗೆ ಏನಾದರೂ ಮಾಡಬೇಕೆಂದು ಆಫೀಸಿನಲ್ಲಿ ಮಾತು ಹುಟ್ಟಿದಾಗ ಗಿಯರಿನ ಸೈಕಲ್ಲುಗಳು ಬಂದವು. ಚಿಕ್ಕಂದಿನಲ್ಲಿ ನಾವೆಲ್ಲ ಯಾವುದರಿಂದ ಪಾರಾಗಿ ಸ್ಕೂಟರು ಹತ್ತಬೇಕೆಂದು ಒದ್ದಾಡಿದ್ದೆವೋ, ಅದನ್ನೇ ಈಗ ಹೊಸದಾಗಿ ಕಂಡುಹಿಡಿದವರಂತೆ ಕೊಂಡು ತಂದೆವು. ನಾನು ಎರಡು ತಂದೆ, ನನಗೊಂದು, ಶಿವಲೀಲಾಗೊಂದು. ಗಿಯರು ಬದಲಿಸುವುದನ್ನು ಅವಳಿಗೆ ಕಲಿಸಿದವನು ನಾನೇ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ಕಥೆಯಲ್ಲಿ ನನ್ನ ಹೆಚ್ಚುಗಾರಿಕೆ ಅಂತ ಇರುವುದು ಅದೊಂದೇ. ಏರು ಬಂದಾಗ ಯಾವ ಗಿಯರು, ಇಳುಕಲಿನಲ್ಲಿ ಯಾವ ಬ್ರೇಕು, ಉಸಿರು ಹೇಗೆ ಬಿಡಬೇಕು ಎಂದು ಮನೆಯ ಮುಂದಿನ ಸಪಾಟು ರಸ್ತೆಯಲ್ಲಿ ನಿಂತು ಉಪನ್ಯಾಸ ಕೊಟ್ಟೆ. ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು, ತಲೆಯಾಡಿಸಿ ಕೇಳಿಸಿಕೊಂಡಳು. ಮರುದಿನದಿಂದ ಅದರ ಮೇಲೆಯೇ ಕೋಚಿಂಗ್ ಸೆಂಟರಿಗೆ ಹೋಗತೊಡಗಿದಳು. ನನ್ನದು ಬಾಲ್ಕನಿಯಲ್ಲಿ ಭಾನುವಾರಕ್ಕಾಗಿ ಕಾಯುತ್ತಿತ್ತು.

ನಮ್ಮ ಟೀಮಿನ ಮುಖ್ಯಸ್ಥ ಶ್ರೀಧರ್ ವಿಶಾಖಪಟ್ಟಣದ ಕಡೆಯವನು, ಮಿತಭಾಷಿ, ಒಣಗಿದ ಕಡ್ಡಿಯಂಥ ಆಳು. ದಸರೆಯ ರಜೆಯಲ್ಲಿ ನಲ್ಲಮಲ ಬೆಟ್ಟಗಳನ್ನು ದಾಟಿ ಶ್ರೀಶೈಲಕ್ಕೆ ಸೈಕಲ್ಲಿನಲ್ಲಿ ಹೋಗೋಣ ಎಂದವನು ಅವನೇ. ಹೌದು ಹೌದು ಎಂದು ಮೊದಲು ಕೈ ಎತ್ತಿದವನು ನಾನು. ಹೆಂಡತಿಯರನ್ನೂ ಕರೆತರಬಹುದು ಎಂಬ ಮಾತು ಬಂತು. ಉಳಿದ ಹೆಂಡತಿಯರು ನಕ್ಕು ಸುಮ್ಮನಾದರು, ನನ್ನವಳು ಮಾತ್ರ "ನಾ ಬರ್ತೀನ್ರಿ" ಎಂದಳು. ನನಗೆ ಒಳಗೊಳಗೇ ಖುಷಿಯಾಯಿತು. ಏರಿನಲ್ಲಿ ಅವಳು ಹಿಂದೆ ಬಿದ್ದಾಗ ನಾನು ನಿಂತು ಕಾಯುವುದು, "ನಿಧಾನಕ್ಕ ಬಾ, ಅವಸರ ಇಲ್ಲ" ಎನ್ನುವುದು, ಇದನ್ನೆಲ್ಲ ಕ್ಯಾಬಿನಲ್ಲಿ ಕಣ್ಣು ಮುಚ್ಚಿಕೊಂಡು ಎಷ್ಟೋ ಸಲ ಮಾಡಿ ಮುಗಿಸಿದ್ದೆ.

ರಾಯಚೂರಿನಲ್ಲಿದ್ದ ಅವ್ವನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಅವಳು ಮೆಲ್ಲಗೆ ಕೇಳಿದಳು: "ಮಲ್ಲಯ್ಯನ ಕಡೆ ಸೈಕಲ್ ಮ್ಯಾಲ ಹೊಂಟೀರಿ ಅಂದ್ರ ಹರಕಿ ಏನರ ಹೊತ್ತೀರೇನಪಾ?"

"ಹೌದವ್ವಾ," ಎಂದೆ. ಹೊಟ್ಟೆಗಾಗಿ ಎಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ.

"ಹಂಗಾರ ಬ್ಯಾಡ ಅನ್ನಾಕ ನಾ ಯಾರು. ಸೊಸಿನ್ನ ಜ್ವಾಕಿಯಿಂದ ಕರಕೊಂಡು ಹೋಗು."

ನಾಲ್ಕು ಗಂಡಸರು, ಒಬ್ಬ ಹೆಂಗಸು. ಮೊದಲ ದಿನ ಸಪಾಟು ದಾರಿ, ಮೋಡ, ತಂಪು ಗಾಳಿ. ನಾನು ಮುಂದೆ ಇದ್ದೆ ಎಂದು ಹೇಳಿದರೆ ನಂಬಿ. ರಾತ್ರಿ ಬೆಟ್ಟದ ಬುಡದ ಮನ್ನನೂರಿನಲ್ಲಿ ಉಳಿದೆವು. ಬೆಳಗಾಗುವಷ್ಟರಲ್ಲಿ ಬಂಗಾಳಕೊಲ್ಲಿಯಲ್ಲಿ ಏನೋ ಆಗಿ ಆಕಾಶವೇ ಕಳಚಿಕೊಂಡಿತ್ತು. ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಅಡ್ಡಡ್ಡ ಬಂದು ಕೆನ್ನೆಗೆ ಹೊಡೆಯುತ್ತಿತ್ತು. ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು, ಕಾಡಿನೊಳಗಿಂದ ಮಂಜು ಎದ್ದು ಎದುರಿನ ಲಾರಿ ಹತ್ತಿರ ಬರುವವರೆಗೂ ಕಾಣುತ್ತಿರಲಿಲ್ಲ. ಶ್ರೀಧರ್ ಹೊರಗೆ ಕೈ ಚಾಚಿ ನೋಡಿ, ಹೋಗಬೇಕಾ ಬೇಡವಾ ಎಂದು ಎಲ್ಲರನ್ನೂ ಕೇಳಿದ. ಬೇಡ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಶಿವಲೀಲಾ, "ಇಷ್ಟು ದೂರ ಬಂದೀವಲ್ರಿ," ಎಂದು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು.

ಏರು ಶುರುವಾಯಿತು. ಮೊದಲ ತಿರುವಿನಲ್ಲಿ ಅವಳು ನನ್ನ ಪಕ್ಕ ಇದ್ದಳು, ಎರಡನೆಯದರಲ್ಲಿ ಸ್ವಲ್ಪ ಮುಂದೆ, ಆಮೇಲೆ ಮಂಜಿನಲ್ಲಿ ಒಂದು ಹಳದಿ ಚುಕ್ಕೆ, ಆಮೇಲೆ ಅದೂ ಇಲ್ಲ. ನನ್ನ ಮೀನಖಂಡ ಹಗ್ಗ ಹೊಸೆದಂತೆ ಹಿಂಡಿಕೊಂಡಿತು. ಇಳಿದೆ, ಕಾಲು ತಿಕ್ಕಿದೆ, ಹತ್ತಿದೆ, ಮತ್ತೆ ಇಳಿದೆ. ರಸ್ತೆ ಬದಿಯಲ್ಲಿ ಬಗ್ಗಿ ಬೆಳಗಿನ ಇಡ್ಲಿಯನ್ನೆಲ್ಲ ನಲ್ಲಮಲ ಕಾಡಿಗೆ ಒಪ್ಪಿಸಿದೆ. ನಂತರ ಸೈಕಲ್ಲು ನೂಕಿಕೊಂಡು ನಡೆಯತೊಡಗಿದೆ. ನೂಕುತ್ತಿದ್ದೆನೋ, ಅದಕ್ಕೆ ಜೋತುಬಿದ್ದಿದ್ದೆನೋ, ಗೊತ್ತಿಲ್ಲ.

ಒಂದು ತಿರುವು ದಾಟಿದಾಗ ಕೊಂಚ ಮೇಲೆ ನೀಲಿ ತಾಡಪಾಲಿನ ಗುಡಿಸಲು ಕಂಡಿತು. ರಸ್ತೆ ಕೆಲಸಕ್ಕೆ ಬಂದವರು ಮಳೆಗೆ ಕೆಲಸ ನಿಲ್ಲಿಸಿ ಅದರಡಿ ಕೂತಿದ್ದರು. ಶ್ರೀಧರ್ ಮತ್ತು ಉಳಿದಿಬ್ಬರು ಇನ್ನೂ ಆಚೆ ಮರದ ಕೆಳಗೆ ನಿಂತಿದ್ದರು. ಶಿವಲೀಲಾ ಗುಡಿಸಲಿನ ಬಾಯಲ್ಲಿ, ನನಗೆ ಬೆನ್ನು ಮಾಡಿ, ಒಬ್ಬ ಹೆಂಗಸಿನ ಜೊತೆ ಮಾತಾಡುತ್ತಿದ್ದಳು. ಕನ್ನಡದಲ್ಲಿ. ಹೈದರಾಬಾದಿನಲ್ಲಿ ಮನೆಯ ಹೊಸ್ತಿಲು ದಾಟಿದರೆ ನಮಗೆ ತೆಲುಗು ಇಲ್ಲವೇ ಹಿಂದಿ. ಇಲ್ಲಿ ಕಾಡಿನ ನಡುವೆ, ಮಳೆಯಲ್ಲಿ, ಯಾದಗಿರಿ ಕಡೆಯ ಮಾತು ಕಿವಿಗೆ ಬಿದ್ದು ನನಗೆ ತವರಿಗೆ ಬಂದಷ್ಟು ಸಮಾಧಾನವಾಯಿತು. ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ.

"ಹಿಂದ ಸೈಕಲ್ ನೂಕ್ಕೊಂತ ಬರಾಕತ್ತಾರಲ್ಲ, ಅವರು ನಿಮ್ಮ ಮನಿಯವರೇನ್ರಿ?" ಎಂದು ಆ ಹೆಂಗಸು ಕೇಳಿದಳು.

ಶಿವಲೀಲಾ ಹೊರಳಿ ನೋಡಿದಳು. ನಾನು ಎಲ್ಲವೂ ಕೇಳುವಷ್ಟು ಹತ್ತಿರ ಬಂದಿದ್ದೇನೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಮತ್ತೆ ಆ ಕಡೆ ತಿರುಗಿ ಹೇಳಿದಳು: "ಅಲ್ರಿ ಯಕ್ಕಾ. ನಮ್ಮ ಆಫೀಸಿನವರು."

ನಾನು ಗುಡಿಸಲು ತಲುಪಿದೆ. ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು. "ಸರ್," ಎಂದಳು. ಮದುವೆಯಾದಂದಿನಿಂದ ನನ್ನನ್ನು "ರೀ" ಎಂದವಳು "ಸರ್" ಎಂದಳು. "ನೀವು ಇಲ್ಲೇ ಕುಂದರ್ರಿ. ಮಧ್ಯಾಹ್ನ ಶ್ರೀಶೈಲದ ಬಸ್ ಬರ್ತೈತಂತ. ಸೈಕಲ್ ಮ್ಯಾಲ ಹಾಕ್ಕೊಂತಾರ. ನಾವು ಮುಂದ ಹೋಗಿರ್ತೀವಿ."

ನಾನು ಒಂದು ಮಾತು ಆಡಬಹುದಿತ್ತು. "ಇವಳು ನನ್ನ ಹೆಂಡತಿ" ಎನ್ನಲು ಎಷ್ಟು ಉಸಿರು ಬೇಕು? ಆದರೆ ಮಂಡಿಯವರೆಗೆ ಕೆಸರಾಗಿ, ಗಡ್ಡದಲ್ಲಿ ಇಡ್ಲಿ ಅಂಟಿಸಿಕೊಂಡು ನಿಂತಿದ್ದವನಿಗೆ, ಅವಳ ಗಂಡ ಎನ್ನಿಸಿಕೊಳ್ಳುವುದಕ್ಕಿಂತ ಆಫೀಸಿನವನಾಗಿ ಉಳಿಯುವುದೇ ಆ ಗಳಿಗೆಯಲ್ಲಿ ಸುಲಭವಾಗಿ ಕಂಡಿತು. "ಹೂಂ ಮೇಡಂ, ನೀವು ಹೋಗ್ರಿ," ಎಂದೆ. ಅವಳು ಪೆಡಲ್ ಮೇಲೆ ಎದ್ದು ನಿಂತು ಏರು ಹತ್ತಿ ಮಂಜಿನಲ್ಲಿ ಮರೆಯಾದಳು.

ಗುಡಿಸಲಿನ ಹೆಂಗಸಿನ ಹೆಸರು ನಿಂಗಮ್ಮ. ಅವಳ ಗಂಡ ಮೂಲೆಯಲ್ಲಿ ಕಂಬಳಿ ಹೊದ್ದು ಬೀಡಿ ಸೇದುತ್ತಿದ್ದ. ನನಗೆ ಕುಳಿತುಕೊಳ್ಳಲು ಸಿಮೆಂಟಿನ ಚೀಲ ಹಾಸಿದರು, ಕರಿ ಚಹಾ ಕೊಟ್ಟರು, ಹೊಟ್ಟೆ ಸ್ವಲ್ಪ ನೆಟ್ಟಗಾದ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಇಷ್ಟೆಲ್ಲ ಉಪಚಾರ ಮಾಡಿದವರು ನಾಲ್ಕು ಮಾತಾಡಬಾರದೇ? ಮಾತಾಡಿದರು. ಅವರಿಗೆ ಬೇಕಾಗಿದ್ದದ್ದು ಒಂದೇ ವಿಷಯ.

"ಆಕಿ ಗಂಡ ಎಲ್ಲಿರ್ತಾನ್ರಿ?" ಎಂದಳು ನಿಂಗಮ್ಮ.

"ಹೈದರಾಬಾದಿನಾಗ."

"ಹೇಣ್ತಿನ್ನ ಈ ಮಳ್ಯಾಗ ಗುಡ್ಡ ಹತ್ತಾಕ ಕಳಿಸಿ ತಾ ಬೆಚ್ಚಗ ಮನ್ಯಾಗ ಕುಂತಾನೇನ್ರಿ?"

ನಾನು ರೊಟ್ಟಿ ಮುರಿದೆ. ಮೂಲೆಯಿಂದ ಗಂಡ ಹೇಳಿದ: "ಹಂಗಲ್ಲ. ಹಿಂಗ ಕಳಿಸಬೇಕಂದ್ರ ಅಂವಗ ಎದಿ ಇರಬೇಕು. ನಾನಾದ್ರ ನಿನ್ನ ಕಳಿಸ್ತಿದ್ದಿಲ್ಲ."

"ನೀ ಕಳಿಸಲಿಲ್ಲಂದ್ರ ನಾ ಕೇಳ್ತಿದ್ನೇನು?" ಎಂದು ನಿಂಗಮ್ಮ ಅವನ ಬಾಯಿ ಮುಚ್ಚಿಸಿ ಮತ್ತೆ ನನ್ನ ಕಡೆ ತಿರುಗಿದಳು. "ಖರೇ ಹೇಳ್ರಿ, ಮನಷ್ಯಾ ಹೆಂಗ ಅದಾನ್ರಿ? ನಿಮಗ ಗುರ್ತು ಇರಬೇಕಲ್ಲ."

"ಪರವಾಗಿಲ್ಲ," ಎಂದೆ. ಇನ್ನೂ ಏನಾದರೂ ಹೇಳುತ್ತೇನೆಂದು ಇಬ್ಬರೂ ಕಾದರು. "ಭಾಳ ಮಾತಾಡ್ತಾನ," ಎಂದೆ.

ಗಂಡನಿಗೆ ಎದೆ ಇದೆಯೋ ಇಲ್ಲವೋ ಎಂಬ ಚರ್ಚೆ ಬಸ್ಸು ಬರುವವರೆಗೂ ನನ್ನ ಆಚೀಚೆ ನಡೆಯಿತು. ನಾನು ನಡುವೆ ಕೂತು ಎರಡೂ ಕಡೆಗೆ ತಲೆಯಾಡಿಸಿದೆ. ಹೊರಟಾಗ ನಿಂಗಮ್ಮ ಒಂದು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟು, "ಅಕ್ಕಾರಿಗೆ ಕೊಡ್ರಿ, ಹಸದಿರ್ತಾರ," ಎಂದಳು. ಆ ರೊಟ್ಟಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ನನಗೆ ಮೊದಲ ಸಲ ಅಳು ಬಂತು. ನೆಗಡಿಯಾದವನಂತೆ ಮೂಗು ಒರೆಸಿಕೊಂಡೆ.

ಕಾಡು ಮುಗಿದು ರಸ್ತೆ ಕೃಷ್ಣೆಯ ಕಡೆಗೆ ಇಳಿಯುತ್ತದೆ, ಸೇತುವೆ ದಾಟಿ ಶ್ರೀಶೈಲದ ಕಡೆಗೆ ಮತ್ತೆ ಏರುತ್ತದೆ. ಆ ಕೊನೆಯ ಏರಿನಲ್ಲಿ ಬಸ್ಸು ಗೊರಗೊರ ಎನ್ನುತ್ತ ಹತ್ತುತ್ತಿದ್ದಾಗ ಮುಂದಿನ ಸೀಟಿನ ಮುದುಕಿಯೊಬ್ಬಳು ಕಿಟಕಿಯ ಪರದೆ ಸರಿಸಿ, "ಅಲ್ನೋಡ್ರಿ, ಹೆಣ್ಣಮಗಳು ಸೈಕಲ್ ಮ್ಯಾಲ ಹೊಂಟಾಳ," ಎಂದಳು. ನಮ್ಮ ಕಡೆಯ ಯಾತ್ರಿಕರೇ ತುಂಬಿದ್ದ ಬಸ್ಸು. ಎಲ್ಲರೂ ಈ ಬದಿಗೆ ವಾಲಿದರು. ನಾನು ಅದೇ ಬದಿಯ ಕಿಟಕಿಯಲ್ಲಿದ್ದೆ. ಶ್ರೀಧರ್ ಮತ್ತು ಉಳಿದವರು ಹಿಂದೆಲ್ಲೋ ಇದ್ದರು. ಅವಳೊಬ್ಬಳೇ, ಎಡಕ್ಕೂ ಬಲಕ್ಕೂ ತೂಗುತ್ತ, ಹಾವಿನ ಹಾಗೆ ರಸ್ತೆಯ ಮೇಲೆ ಬಳುಕುತ್ತ ಹತ್ತುತ್ತಿದ್ದಳು. ಬಾಯಿ ತೆರೆದಿತ್ತು, ಮುಖ ಕೆಂಪಾಗಿತ್ತು. ಅವಳ ಅಂಥ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕಷ್ಟ ಇತ್ತು, ಆದರೆ ದುಃಖ ಇರಲಿಲ್ಲ. ಯಾರ ಹೆಂಡತಿಯೂ ಅಲ್ಲದ, ಯಾರ ಸೊಸೆಯೂ ಅಲ್ಲದ ಮುಖ.

"ಯಾರ ಮನಿ ಮಗಳೋ," ಎಂದಳು ಮುದುಕಿ. "ಶಿವಾ, ಆಕಿ ಕಾಲಾಗ ಕಸುವು ಕೊಡಪಾ."

ಬಸ್ಸು ಅವಳ ಸರಿಸಮ ಬಂದಾಗ ಅವಳು ತಲೆ ಎತ್ತಿದಳು. ನಾನು ಬಗ್ಗಿದೆ. ಬೂಟಿನ ದಾರ ಕಟ್ಟುವವನಂತೆ ಸೀಟುಗಳ ನಡುವೆ ಬಗ್ಗಿ, ಬಸ್ಸು ಎರಡು ತಿರುವು ದಾಟುವವರೆಗೂ ಏಳಲಿಲ್ಲ.

ಶ್ರೀಶೈಲದಲ್ಲಿ ನಮ್ಮ ಕಡೆಯವರದೊಂದು ಛತ್ರದಲ್ಲಿ ಕೋಣೆ ಹಿಡಿದೆ, ಬಿಸಿನೀರಿಗೆ ಹೇಳಿದೆ. ಒಣ ಬಟ್ಟೆ ಹಾಕಿಕೊಂಡು ಜಗುಲಿಯಲ್ಲಿ ಕೂತು ಅವರಿಗಾಗಿ ಕಾದೆ. ಒದ್ದೆಯಾಗಿ ಬಂದ ನಾಲ್ವರೂ ನನ್ನ ಕಾಲು ಹೇಗಿದೆ ಎಂದು ವಿಚಾರಿಸಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.

ಸ್ನಾನ ಮಾಡಿ ಬಂದ ಶಿವಲೀಲಾ ನಿಂಗಮ್ಮನ ರೊಟ್ಟಿಯನ್ನು ಕೂತಲ್ಲೇ ತಿಂದು ಮುಗಿಸಿದಳು. ಅವಳ ಬೆರಳ ತುದಿಗಳು ನೀರಿನಲ್ಲಿ ನೆಂದು ಸುಕ್ಕಾಗಿದ್ದವು.

"ಸಿಟ್ಟು ಬಂದೈತೇನ್ರಿ?" ಎಂದಳು.

"ಯಾಕ?"

"ಆಫೀಸಿನವರು ಅಂದಿದ್ದಕ್ಕ."

"ನಾಚಿಕಿ ಆತೇನು," ಎಂದು ಕೇಳಿದೆ, "ನನ್ನ ಗಂಡ ಅನ್ನಾಕ?"

ಅವಳು ಗಣಿತದವಳು, ಉತ್ತರವನ್ನು ಒಮ್ಮೆ ತಾಳೆ ನೋಡದೆ ಹೇಳುವುದಿಲ್ಲ. "ಆ ಹೊತ್ತಿನಾಗ ನಾಚಿಕಿ ಆಗಿರಲಿಲ್ರಿ. ಗಂಡ ಅಂದಿದ್ರ ಆ ಯಕ್ಕ ನನ್ನ ಬಿಡ್ತಿದ್ದಿಲ್ಲ. ಗಂಡಗ ಆರಾಮಿಲ್ಲ, ನೀ ಎಲ್ಲಿ ಹೊಂಟಿ ಅಂತಿದ್ಲು. ಆಕಿ ಅನ್ನದಿದ್ರ ನನಗ ನಾನ ಅಂದ್ಕೊಂತಿದ್ದೆ. ನನಗ ಆ ಗುಡ್ಡ ಹತ್ತಬೇಕಾಗಿತ್ರಿ." ಆಮೇಲೆ, ಕಾಗದವನ್ನು ಮಡಚುತ್ತ: "ನಾಚಿಕಿ ಆಮ್ಯಾಲ ಆತು. ಇಳಕಲಿನಾಗ. ಎಲ್ಲಿ ಕುಂತಾರೋ, ಏನು ಮಾಡಾಕತ್ತಾರೋ ಅನ್ನಿಸ್ತು. ಅದಕ್ಕ ಬಸ್ಸಿನ ಮ್ಯಾಲ ನಿಮ್ಮ ಸೈಕಲ್ ಕಂಡ ಕೂಡಲೇ ಕೈ ಮಾಡಿದೆ. ಕಿಡಕ್ಯಾಗ ಎಲ್ಲಾ ಕಡೆ ನಿಮ್ಮನ್ನ ಹುಡುಕಿದೆ. ಕಾಣಲಿಲ್ಲ."

"ಆ ಕಡೆ ಕುಂತಿದ್ದೆ," ಎಂದೆ.

ಅವಳು "ಹೌದಾ" ಎಂದು ಕಾಗದವನ್ನು ಇನ್ನೊಮ್ಮೆ ಮಡಚಿದಳು. ಒಂದು ಸುಳ್ಳು ಅವಳು ಹೇಳಿದ್ದಳು, ಒಂದು ನಾನು ಹೇಳಿದೆ. ಲೆಕ್ಕ ಸಮ ಆಯಿತೆಂದು ನೀವು ಅಂದುಕೊಳ್ಳಬಹುದು. ನನಗೆ ಹಾಗೆ ಅನ್ನಿಸಿಲ್ಲ. ಅವಳು ನನ್ನನ್ನು ಬಿಟ್ಟುಕೊಟ್ಟದ್ದು ಬೆಟ್ಟ ಹತ್ತಲಿಕ್ಕೆ. ನಾನು ಅವಳನ್ನು ಬಿಟ್ಟುಕೊಟ್ಟದ್ದು ಯಾವುದಕ್ಕೂ ಅಲ್ಲ.

ರಜೆ ಮುಗಿದು ಆಫೀಸಿಗೆ ಹೋದಾಗ, ಶ್ರೀಶೈಲ ಹೇಗಿತ್ತು ಎಂದು ಯಾರೋ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶ್ರೀಧರ್, "ಪಾಪ, ಇವನ ಚೈನು ಕಡಿದುಹೋಯಿತು," ಎಂದ. ಮಾತು ಕಮ್ಮಿಯ ಮನುಷ್ಯ ನನಗಾಗಿ ಆಡಿದ ಮಾತದು. ಆ ದಿನವೆಲ್ಲ ಜನ ನನ್ನ ಮೇಜಿನ ಬಳಿ ಬಂದು ಚೈನಿನ ಬಗ್ಗೆ ಸಂತಾಪ ಹೇಳಿದರು. ಹೊಸ ಸೈಕಲ್ಲಿನ ಚೈನು ಹಾಗೆ ಕಡಿದುಹೋಗಬಾರದು, ಅಂಗಡಿಯವನನ್ನು ಬಿಡಬೇಡಿ ಎಂದರು. ಒಳ್ಳೆಯವರು ಒಬ್ಬರಾದ ಮೇಲೊಬ್ಬರು ಬೆನ್ನು ತಟ್ಟುವುದು ಎಂಥ ಶಿಕ್ಷೆ ಎಂದು ಅವತ್ತು ತಿಳಿಯಿತು. ನನ್ನ ಸೈಕಲ್ಲು ಕೆಲವು ತಿಂಗಳು ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಹೊತ್ತು ನಿಂತಿತ್ತು, ಆಮೇಲೆ ಯಾರದೋ ಮನೆಗೆ ಹೋಯಿತು. ಶಿವಲೀಲಾ ನಿಲ್ಲಿಸಲಿಲ್ಲ. ಸೈಕಲ್ಲು ಬದಲಾಯಿತು, ಜೊತೆಗಾರರು ಬದಲಾದರು, ನಾವು ದಿಲ್‌ಸುಖ್‌ನಗರದಲ್ಲೇ ಸ್ವಂತ ಫ್ಲ್ಯಾಟು ಕೊಂಡೆವು, ಅವಳು ಮಳೆಯಲ್ಲಿ ಬೆಟ್ಟ ಹತ್ತುತ್ತಲೇ ಇದ್ದಾಳೆ. ಅವಳಿಗೀಗ ಐವತ್ತು. ಜೊತೆಯಲ್ಲಿ ಹೋಗುವವರು ಅವಳ ಹಳೆಯ ವಿದ್ಯಾರ್ಥಿಗಳು, ಮೇಡಂ ಮೇಡಂ ಎಂದು ಪ್ರಾಣ ಬಿಡುವ ಹುಡುಗರು.

ಇಷ್ಟು ಹೇಳುವ ಹೊತ್ತಿಗೆ ಬಚ್ಚಲಿನ ನೀರಿನ ಸದ್ದು ನಿಂತಿತ್ತು. ಪೇಪರ್ ಬದಿಗಿಟ್ಟು ಕೋಣೆಗೆ ಹೋದೆ. ಅವಳು ಮಂಚದ ತುದಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು ಟವಲಿನಿಂದ ತಲೆ ಒರೆಸಿಕೊಳ್ಳುತ್ತಿದ್ದಳು.

"ಇವತ್ತು ಅನಂತಗಿರಿ ಗುಡ್ಡ ಹತ್ತಾಕ ಆಗಲಿಲ್ರಿ," ಎಂದಳು. "ಅರ್ಧಕ್ಕ ಮೊಣಕಾಲು ಒಲ್ಲೆ ಅಂದುವು. ಹುಡುಗರು ವ್ಯಾನು ನಿಲ್ಲಿಸಿ ಕೂಡಿಸಿ ಕಳಿಸಿದ್ರು. ಭಾಳ ಛಲೋ ನೋಡಿಕೊಂಡ್ರು ನನ್ನ."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ನನ್ನ ನಾಲಗೆಯ ಮೇಲೆ ಹೇಳಬಹುದಾದ ಮಾತುಗಳೆಲ್ಲ ಬಂದು ಸಾಲಾಗಿ ನಿಂತವು: ವಯಸ್ಸು, ಮಳೆ, ಒಳ್ಳೆಯ ಡಾಕ್ಟರು, ಮುಂದಿನ ವಾರ. ಯಾವುದನ್ನೂ ಹೇಳಲಿಲ್ಲ. "ನೀರು ಬಿಸಿ ಇದ್ದುವೇನು?" ಎಂದು ಕೇಳಿದೆ. ಇದ್ದವು ಎಂದಳು. ಬಾಗಿಲನ್ನು ಅರ್ಧ ಮುಚ್ಚಿ ಹೊರಗೆ ಬಂದೆ.

ಅವ್ವ ಈಗ ನಮ್ಮ ಜೊತೆಗೇ ಇದ್ದಾಳೆ, ಕಿವಿ ಮಂದ. ತನಗೆ ಕೇಳಿಸದ್ದರಿಂದ ಎಲ್ಲರಿಗೂ ಕೇಳುವಂತೆ ಮಾತಾಡುತ್ತಾಳೆ. ಬಾಲ್ಕನಿಯ ಕುರ್ಚಿಯಿಂದಲೇ ಕೂಗಿ ಕೇಳಿದಳು: "ಶಿವಲೀಲಾ ಇಷ್ಟ ಲಗೂನ ಯಾಕ ಬಂದ್ಲೋ? ಗುಡ್ಡ ಹತ್ತಲಿಲ್ಲೇನು?"

ಕೋಣೆಯಲ್ಲಿ ತಲೆ ಒರೆಸುವ ಸದ್ದು ನಿಂತಿತು.

"ನಾನ ಫೋನ್ ಮಾಡಿ ಕರಿಸಿದೆ ಅವ್ವಾ," ಎಂದು ನಾನೂ ಜೋರಾಗಿಯೇ ಹೇಳಿದೆ. "ಮಳಿ ಜೋರು ಇತ್ತಲ್ಲ, ನನಗ ಅಂಜಿಕಿ ಆತು."

"ಆಕಿ ಹತ್ತತಿದ್ಲು. ಸುಳ್ಳ ಕರಿಸಿದಿ."

"ಹೌದವ್ವಾ."

"ನೀ ಮೊದಲಿಂದ ಅಂಜುಬುರುಕ," ಎಂದು ಅವ್ವ ಮುಖ ಆಚೆ ತಿರುಗಿಸಿದಳು.

ನಾನು ಅಡುಗೆಮನೆಗೆ ಹೋಗಿ ಚಹಾಕ್ಕಿಟ್ಟೆ. ಸ್ವಲ್ಪ ಹೊತ್ತಿಗೆ ಶಿವಲೀಲಾ ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಹೊರಗೆ ಬಂದಳು. ಅವ್ವನ ಪಕ್ಕದಲ್ಲಿ ಕೂತು ಕಾಲು ಚಾಚಿದಳು. ನಾನು ಕೊಟ್ಟ ಚಹಾದ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

"ಇನ್ನೊಮ್ಮೆ ನಾ ದಾರ್ಯಾಗ ಇದ್ದಾಗ ಫೋನ್ ಮಾಡಿ ಕರೀಬ್ಯಾಡ್ರಿ," ಎಂದಳು, ಅವ್ವನಿಗೂ ಕೇಳುವ ಹಾಗೆ.

"ಇಲ್ಲ," ಎಂದೆ. "ಕರಿಯಂಗಿಲ್ಲ."